ಎಲೆಗಳ ಎಣಿಕೆ

ಯುಗಾದಿಯ ಮರುದಿನ ಹೊಸತೊಡಕು. ಆ ದಿನ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಮರದ ನೆರಳು ಸಿಕ್ಕಲ್ಲೆಲ್ಲ ಒಂದು ಕಂಬಳಿ ಹಾಸಿರುತ್ತದೆ; ಅದರ ಸುತ್ತ ಎಂಟು ಹತ್ತು ತಲೆಗಳು ಬಾಗಿರುತ್ತವೆ. ವರ್ಷವೆಲ್ಲ ಇಸ್ಪೀಟಿನ ಎಲೆ ಮುಟ್ಟದ ಯಜಮಾನರೂ ಅಂದು, ವರ್ಷದ ಅದೃಷ್ಟ ಹೇಗಿದೆಯೋ ನೋಡೋಣವೆಂದು ಕೂರುವುದುಂಟು. ಆಡುವುದು ಹೆಚ್ಚಾಗಿ ಅಂದರ್ ಬಾಹರ್. ಎಲೆ ಒಳಗೆ ಬಿದ್ದೀತೋ ಹೊರಗೆ ಬಿದ್ದೀತೋ ಎಂಬುದಷ್ಟೇ ಪ್ರಶ್ನೆ. ಆಡುವವನ ಬುದ್ಧಿಗೆ ಅಲ್ಲಿ ಕೆಲಸವೇ ಇಲ್ಲ. ಹಾಗಿದ್ದೂ ಇಂಥ ಪ್ರತಿಯೊಂದು ಕಂಬಳಿಗೂ ಒಬ್ಬ ಹೆಸರಾಂತ ಆಟಗಾರನಿರುತ್ತಾನೆ. ‘ಅವನ ಎದುರು ಕೂತರೆ ಜೇಬು ಬರಿದು’ ಎಂದು ನಾಲ್ಕು ಊರಿನವರು ಹೇಳುತ್ತಾರೆ. ಆ ಹೆಸರು ಬಂದದ್ದು ಹೇಗೆಂದು ಕೇಳಿದರೆ, ಎಂದೋ ಒಂದು ಮಧ್ಯಾಹ್ನ ಆತ ಗೆದ್ದ ಕಥೆಯೊಂದೇ ಸಿಗುತ್ತದೆ.

ಗೋವೆಯ ಮಾಂಡೋವಿ ನದಿಯ ಹಡಗುಗಳಲ್ಲಿ ನಡೆಯುವ ಕ್ಯಾಸಿನೋಗಳಿಗೂ ಈ ಕಂಬಳಿಗೂ ವೈಭವದಲ್ಲಿ ಅಜಗಜಾಂತರವಿದ್ದೀತು. ಪೋಕರ್ ಆಟವೂ ಅಂದರ್ ಬಾಹರ್‌ನಂತೆ ಬರಿಯ ಅದೃಷ್ಟದ ಆಟವಲ್ಲ. ಆದರೆ ಅಲ್ಲಿಯ ಹೆಸರಾಂತ ಆಟಗಾರನ ವಿಷಯದಲ್ಲಿ ಜನ ಮಾತನಾಡುವ ರೀತಿ ಇದೇ. ಆತ ನಿಜವಾಗಿ ಜಾಣನೋ, ಎಲೆ ಒಲಿದವನೋ? ಇದನ್ನು ತಿಳಿಯುವ ಬಗೆಯಾದರೂ ಯಾವುದು? ಈ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದು.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಅಳಲು ಇದೆ. ಅವನನ್ನು ಕೆಡಿಸಿದ ದಾಳಗಳು ತಾರೆಯ ಮರದ ಕಾಯಿಗಳು. ಅದೇ ತಾರೆಯ ಮರ ಮಹಾಭಾರತದ ನಳೋಪಾಖ್ಯಾನದಲ್ಲಿ ಮತ್ತೆ ಬರುತ್ತದೆ. ರಾಜ್ಯವನ್ನೆಲ್ಲ ಜೂಜಿನಲ್ಲಿ ಸೋತ ನಳ, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲೊಂದು ತಾರೆಯ ಮರ. ಅದರ ಎಲೆಯೆಷ್ಟು, ಕಾಯಿಯೆಷ್ಟು ಎಂಬುದನ್ನು ಋತುಪರ್ಣ ಕುಳಿತಲ್ಲಿಂದಲೇ ಹೇಳುತ್ತಾನೆ. ನಳ ತಲೆದೂಗಿ ಮುಂದೆ ಹೋಗಬಹುದಾಗಿತ್ತು, ಹೋಗಲಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿದ. ಲೆಕ್ಕ ಸರಿಯಾಗಿತ್ತು. ಆಮೇಲೆ ಇಬ್ಬರಿಗೂ ವಿದ್ಯೆಯ ವಿನಿಮಯವಾಯಿತು: ನಳನಿಗೆ ಅಕ್ಷಹೃದಯ, ಋತುಪರ್ಣನಿಗೆ ಅಶ್ವಹೃದಯ.

ಜೂಜಿನ ವಿದ್ಯೆಯನ್ನು ಕುದುರೆಯ ವಿದ್ಯೆಯೊಡನೆ ಕವಿ ತೂಗಿದ್ದು ಸುಮ್ಮನೆ ಅಲ್ಲವೆಂದು ಕುಣಿಗಲ್ಲಿನವರಿಗೆ ಹೇಳಬೇಕಾಗಿಲ್ಲ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಊರೆಂಬ ಹೆಸರು ಅದಕ್ಕಿದೆ; ಮುಂದೆ ಅಲ್ಲಿ ಬೆಳೆದದ್ದು ರೇಸಿನ ಕುದುರೆ. ಮರಿಯ ತಾಯಿ ತಂದೆಯ ವಂಶ, ಕಾಲಿನ ಮೂಳೆ, ಉಸಿರಿನ ಕಸುವು ಇವನ್ನೆಲ್ಲ ನೋಡಿ ಬೆಲೆ ಕಟ್ಟುವವರು ಒಂದು ಓಟದ ಫಲದಿಂದ ಕುದುರೆಯ ಯೋಗ್ಯತೆ ನಿರ್ಣಯಿಸುವುದಿಲ್ಲ. ಮನುಷ್ಯನ ವಿಷಯದಲ್ಲಿ ಮಾತ್ರ ನಾವು ಅಷ್ಟು ತಾಳ್ಮೆ ತೋರುವುದಿಲ್ಲ.

ಮಹಾಭಾರತದ ಹೆಸರಾಂತ ಜೂಜುಗಾರ ಧರ್ಮರಾಯ. ಆಟದ ಮೇಲೆ ಅವನಿಗೆ ಪ್ರೀತಿಯುಂಟು, ಆಡುವ ಬಗೆ ತಿಳಿಯದು ಎಂದು ಶಕುನಿ ಮೊದಲೇ ಅಳೆದಿದ್ದ. ಆ ಅಳತೆ ತಪ್ಪಲಿಲ್ಲ. ವನವಾಸದಲ್ಲಿ ಬೃಹದಶ್ವ ಋಷಿಯಿಂದ ನಳನ ಕಥೆ ಕೇಳಿ ಅಕ್ಷಹೃದಯವನ್ನೂ ಕಲಿತ ಮೇಲೆಯೇ ಅವನು ವಿರಾಟನ ಆಸ್ಥಾನದಲ್ಲಿ ಕಂಕಭಟ್ಟನಾಗಿ ಪಗಡೆ ಹಾಸಿದ್ದು.

ಇನ್ನು ಶಕುನಿ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಇಂದಿಗೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಕ್ಕೆ ರಾತ್ರಿಯೆಲ್ಲ ಜನ ಕೂರುತ್ತಾರೆ. ತಂದೆಯ ಎಲುಬಿನಿಂದ ಮಾಡಿದ ದಾಳ, ಕರೆದಂತೆ ಬೀಳುವ ದಾಳ ಎಂಬ ಜನಪದ ಕಥೆ ಆ ಜನಕ್ಕೆಲ್ಲ ಗೊತ್ತು. ಆ ಕಥೆಯೊಳಗೆ ಒಂದು ವಿವೇಕವಿದೆ: ಪ್ರತಿ ಸಲವೂ ಗೆಲ್ಲುವವನಲ್ಲಿ ಹುಡುಕಬೇಕಾದದ್ದು ಜಾಣ್ಮೆಯನ್ನಲ್ಲ, ಮೋಸವನ್ನು. ಎಲೆಯ ಆಟದಲ್ಲಿ ನಿಜವಾದ ಜಾಣ ಬೇಕಾದಷ್ಟು ಸಲ ಸೋಲುತ್ತಾನೆ. ಅವನನ್ನು ಗುರುತಿಸುವುದು ಕಷ್ಟವಾದದ್ದೂ ಅದರಿಂದಲೇ.

ಎಷ್ಟು ಕಷ್ಟವೆಂಬುದನ್ನು ಅಂಕೆಗಳಿಂದ ನೋಡಬಹುದು. ಜೂಜಿನ ಪಣವನ್ನು ಹಂಚುವ ಒಂದು ಸಮಸ್ಯೆಯ ಮೇಲೆ ಪಾಸ್ಕಲ್, ಫರ್ಮಾ ಎಂಬ ಇಬ್ಬರು ಫ್ರೆಂಚ್ ಪಂಡಿತರು 1654ರಲ್ಲಿ ಬರೆದುಕೊಂಡ ಪತ್ರಗಳಿಂದ ಸಂಭವದ ಗಣಿತ ಬೆಳೆಯಿತು. ಇಂದಿನ ಪೋಕರ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಹೋಲ್ಡೆಮ್ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆ. ಎಲ್ಲರಿಗೂ ಸಮನಾಗಿ ಐದು ತೆರೆದ ಎಲೆ. ಕೈಗೆ ಬರುವ ಎರಡೆಲೆಯ ಜೋಡಿಗಳು ಒಟ್ಟು 1,326 ಬಗೆ. ಅವುಗಳಲ್ಲಿ ಎರಡೂ ಎಕ್ಕವಾಗಿರುವುದು 6 ಬಗೆ, ಎಂದರೆ 221 ಆಟಕ್ಕೊಮ್ಮೆ. ಹಾಗೆ ಬಂದ ಎಕ್ಕದ ಜೋಡಿಯೂ ಎದುರಾಳಿಯ ಸಣ್ಣ ಜೋಡಿಯೊಂದರ ಮುಂದೆ ಸುಮಾರು ಐದರಲ್ಲಿ ಒಂದು ಸಲ ಸೋಲುತ್ತದೆ.

ನಗದು ಆಟದಲ್ಲಿ ಬಿಲ್ಲೆಗಳೇ ಹಣ; ಯಾವಾಗ ಬೇಕಾದರೂ ಕೂರಬಹುದು, ಏಳಬಹುದು. ಆಟ ಆಟಕ್ಕೂ ಇಡಬೇಕಾದ ಕಡ್ಡಾಯ ಪಣ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಒಳ್ಳೆಯ ಆಟಗಾರನೊಬ್ಬ 100 ಆಟಕ್ಕೆ ಸರಾಸರಿ 500 ರೂಪಾಯಿ ಗಳಿಸುವಂಥವನಾಗಿರಲಿ. ಅದೇ 100 ಆಟದಲ್ಲಿ ಬರಿಯ ಎಲೆಯ ಗುಣದಿಂದ ಆಗುವ ಏರಿಳಿತ ಸುಮಾರು 9,000 ರೂಪಾಯಿ. ಮೇಜಿನ ಮೇಲೆ ಗಂಟೆಗೆ ಸುಮಾರು 30 ಆಟ ನಡೆದಾವು. ಹತ್ತು ಗಂಟೆ ಕೂತರೆ 300. ಅವನ ಜಾಣ್ಮೆಯ ಪಾಲು 1,500 ರೂಪಾಯಿ, ಅದೃಷ್ಟದ ಏರಿಳಿತ 15,000ಕ್ಕೂ ಮಿಕ್ಕಿ. ಒಂದು ರಾತ್ರಿ ಅವನು ಗೆದ್ದದ್ದನ್ನು ಕಣ್ಣಾರೆ ಕಂಡೆವೆಂದರೆ ಕಂಡದ್ದು ಬಹುಪಾಲು ಎಲೆಯನ್ನು, ಮನುಷ್ಯನನ್ನಲ್ಲ.

ಆಟ ಹೆಚ್ಚಿದಂತೆ ಗಳಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಏರಿಳಿತ ಅದರ ವರ್ಗಮೂಲದಷ್ಟು ಮಾತ್ರ. ಒಂದು ಲಕ್ಷ ಆಟಕ್ಕೆ ಗಳಿಕೆ 5 ಲಕ್ಷ ರೂಪಾಯಿ, ಏರಿಳಿತ ಸುಮಾರು 2 ಲಕ್ಷ 85 ಸಾವಿರ. ಆಗ ಜಾಣ್ಮೆ ತುಸು ತಲೆಯೆತ್ತಿ ನಿಲ್ಲುತ್ತದೆ. ಆದರೆ ದಿನಕ್ಕೆ 300ರಂತೆ ಲಕ್ಷ ಆಟಕ್ಕೆ 330ಕ್ಕೂ ಹೆಚ್ಚು ದಿನ ಬೇಕು. ಅಷ್ಟನ್ನು ಪಕ್ಕದಲ್ಲಿ ಕುಳಿತು ಬರೆದಿಟ್ಟ ಅಭಿಮಾನಿ ಎಲ್ಲಿದ್ದಾನೆ?

ಹಾಗಾದರೆ ಬೇರೆ ಮಾರ್ಗವಿಲ್ಲವೆ? ಉಂಟು. ಫಲವನ್ನು ಬಿಟ್ಟು ತೀರ್ಮಾನವನ್ನು ನೋಡಬೇಕು. ನಡುವೆ 3,000 ರೂಪಾಯಿ ಸೇರಿದೆ. ಆಟದಲ್ಲಿ ಉಳಿಯಲು 1,000 ಕೊಡಬೇಕು. ಹಾಗೆ ಕೊಡುವುದು ಸರಿಯಾಗಬೇಕಾದರೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲುವಂತಿರಬೇಕು. ಅವನಿಗೆ ಒಂದೇ ಬಣ್ಣದ ನಾಲ್ಕು ಎಲೆ ಕೂಡಿವೆ, ಐದನೆಯದು ಬೇಕು, ಬರುವುದು ಇನ್ನೊಂದೇ ಎಲೆ. ಕಾಣದ 46 ಎಲೆಗಳಲ್ಲಿ ಬೇಕಾದವು 9. ಎಂದರೆ ಸುಮಾರು ಐದರಲ್ಲಿ ಒಂದು ಸಲ. ಮುಂದಿನ ಪಣದ ಆಸೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಇದು ತಪ್ಪು. ಎಲೆ ಬಂದು ಗೆದ್ದರೂ ತಪ್ಪೇ. ಜನ ಚಪ್ಪಾಳೆ ತಟ್ಟುವುದು ಅದಕ್ಕೇ. ಇತ್ತ, ಸೋಲುವ ಕೈಯನ್ನು ತಾಳ್ಮೆಯಿಂದ ಬಿಟ್ಟು ಉಳಿಸಿದ ದುಡ್ಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಕವುಚಿ ಹಾಕಿದ ಎಲೆಗಳನ್ನು ಯಾರೂ ನೋಡರು.

ನಮ್ಮ ನ್ಯಾಯಾಲಯಗಳೂ ಈ ಜಾಣ್ಮೆ–ಅದೃಷ್ಟಗಳ ಗೆರೆಯನ್ನು ಎಳೆಯುತ್ತ ಬಂದಿವೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಪದಬಂಧ ಸ್ಪರ್ಧೆಯ ಮೊಕದ್ದಮೆಯಲ್ಲಿ, ಜೂಜು ವ್ಯಾಪಾರವೆನಿಸದು ಎಂದು ಸುಪ್ರೀಂ ಕೋರ್ಟು 1957ರಲ್ಲಿ ಹೇಳಿತು. ಎಲೆಗಳನ್ನು ನೆನಪಿಡಬೇಕಾದ, ಹಿಡಿಯುವುದನ್ನೂ ಬಿಡುವುದನ್ನೂ ಅರಿಯಬೇಕಾದ ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದದ್ದು 1967ರ ತೀರ್ಪು. ಕುದುರೆ ರೇಸಿಗೂ ಅದೇ ಮಾತು 1996ರಲ್ಲಿ. ಪೋಕರ್ ಜಾಣ್ಮೆಯ ಆಟವಾಗಿ ನಡೆಯುವಲ್ಲಿ ಪರವಾನಗಿ ಬೇಡ ಎಂಬ ನಿಲುವು ಕರ್ನಾಟಕ ಹೈಕೋರ್ಟಿನಿಂದ 2013ರಲ್ಲಿ ಬಂತು. 2017ರಲ್ಲಿ ಗುಜರಾತ್ ಹೈಕೋರ್ಟು ಅದೇ ಆಟವನ್ನು ಅದೃಷ್ಟದ ಆಟವೆಂದಿತು. ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿ 2022ರ ಫೆಬ್ರವರಿ 14ರಂದು ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು, ಜಾಣ್ಮೆಯೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ನ್ಯಾಯಾಲಯಗಳು ತೂಗಿದ್ದು ಆಟವನ್ನು, ಆಟಗಾರನನ್ನಲ್ಲ. ‘ಈ ಆಟದಲ್ಲಿ ಜಾಣ್ಮೆಗೆ ಎಡೆಯಿದೆ’ ಎಂಬ ಮಾತಿಗೆ ‘ಇದನ್ನು ಆಡುವ ನಾನು ಜಾಣ’ ಎಂಬ ಅರ್ಥ ಬಾರದು. ಸಂಗೀತ ವಿದ್ಯೆಯೆಂದ ಮಾತ್ರಕ್ಕೆ ಹಾಡಿದವರೆಲ್ಲ ವಿದ್ವಾಂಸರಾದಾರೆ? ಎಷ್ಟೋ ಮನೆಗಳ ಹುಡುಗರು ಕಾನೂನಿನ ಆ ವಾಕ್ಯವನ್ನೇ ತಮ್ಮ ಪ್ರಮಾಣಪತ್ರವೆಂದುಕೊಂಡರು. ಒಂದೆರಡು ರಾತ್ರಿಯ ಗೆಲುವನ್ನು ತಮ್ಮ ಬುದ್ಧಿಗೆ ಬರೆದುಕೊಂಡು, ಆಮೇಲಿನ ಸೋಲನ್ನೆಲ್ಲ ಹಣೆಬರಹಕ್ಕೆ ಬರೆದರು. ಮೇಲಾಗಿ ಆಟ ನಡೆಸುವವನ ಪಾಲು ಬೇರೆ. ಗೆದ್ದವನ ರಾಶಿಯಿಂದ ಅದು ತಪ್ಪದೆ ಕಳೆಯುತ್ತದೆ. ಮೇಜಿನ ಸುತ್ತ ಕೂತವರ ದುಡ್ಡೆಲ್ಲ ಕೂಡಿಸಿದರೆ ಬೆಳಗಾಗುವಷ್ಟರಲ್ಲಿ ಅದು ಕಡಿಮೆಯೇ ಆಗಿರಬೇಕು.

ನಳನ ಕಥೆಯಲ್ಲಿ ನಮ್ಮ ಕಣ್ಣು ಸಾಮಾನ್ಯವಾಗಿ ಋತುಪರ್ಣನ ಮೇಲೆ ನಿಲ್ಲುತ್ತದೆ. ನೋಡಿದ ಮಾತ್ರಕ್ಕೆ ಎಲೆಯ ಲೆಕ್ಕ ಹೇಳಿದ ಪ್ರತಿಭೆ ಅವನದು. ಆದರೆ ಉದ್ಧಾರವಾದವನು ನಳ. ರಾಜ ಹೇಳಿದನೆಂದು ನಂಬದೆ, ಹೊತ್ತಾಯಿತೆಂದು ಬಿಡದೆ, ಇಳಿದು ಎಣಿಸಿದವನು ಅವನು. ಅಕ್ಷಹೃದಯ ಕೈಗೂಡಿದೊಡನೆ ಅವನ ಮೈಯಲ್ಲಿದ್ದ ಕಲಿ ಹೊರಬಿದ್ದು ಆ ತಾರೆಯ ಮರವನ್ನೇ ಹೊಕ್ಕನಂತೆ.

ಮುಂದಿನ ಹೊಸತೊಡಕಿಗೂ ಗುಬ್ಬಿಯ ಕಡೆ ಕಂಬಳಿ ಹಾಸಿರುತ್ತದೆ. ಹೆಸರಾಂತನೊಬ್ಬ ನಡುವೆ ಕೂತಿರುತ್ತಾನೆ. ಅವನ ಜಾಣ್ಮೆಯನ್ನು ಹೊಗಳುವವರು ಇದುವರೆಗೆ ಎಷ್ಟು ಆಟವನ್ನು ಎಣಿಸಿದ್ದೀರೆಂದು ತಮ್ಮನ್ನೇ ಕೇಳಿಕೊಂಡರೆ ಸಾಕು. ಜೇಬಿಗೆ ಕೈ ಹಾಕುವವರಂತೂ ಮೊದಲು ತಮ್ಮ ಆಟಗಳನ್ನೇ ಎಣಿಸಿಕೊಳ್ಳಬೇಕು.