ಗೌರಿಬಿದನೂರು ರೇಡಿಯೋ ವೀಕ್ಷಣಾಲಯ: ರಿಸೀವರ್ ಕೊಠಡಿಯ ಕಡೆಯಿಂದ ಒಂದು ಚರಿತ್ರೆ

ಗೌರಿಬಿದನೂರು ರೇಡಿಯೋ ವೀಕ್ಷಣಾಲಯದ ಕಥೆಯನ್ನು ಬಯಲಿನಲ್ಲಿರುವ ಆಂಟೆನಾಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಆದರೆ ಅಲ್ಲಿ ಕಾಲಕಾಲಕ್ಕೆ ನಿಜವಾಗಿ ಬದಲಾದದ್ದು ರಿಸೀವರ್ ಕೊಠಡಿ. ಆ ಕಡೆಯಿಂದ ನೋಡಿದರೆ ಈ ಐದು ದಶಕಗಳ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಜೊತೆಗೂಡಿ ಇದನ್ನು ಕಟ್ಟಿದವು. ಮುಂದೆ ನಿಂತವರು ಸಿಎಚ್. ವಿ. ಶಾಸ್ತ್ರಿ. ‘ಟಿ’ ಆಕಾರದ ಆ ಆಂಟೆನಾ ಸಾಲಿನ ಪೂರ್ವ-ಪಶ್ಚಿಮ ತೋಳು 1.38 ಕಿ.ಮೀ., ದಕ್ಷಿಣದ ತೋಳು 0.45 ಕಿ.ಮೀ.; ಒಟ್ಟು 1000 ಡೈಪೋಲ್‌ಗಳು. ಕೆಲಸದ ಆವರ್ತನ 34.5 ಮೆಗಾಹರ್ಟ್ಸ್, ತರಂಗದ ಉದ್ದ ಹತ್ತಿರಹತ್ತಿರ 8.7 ಮೀಟರ್. ಇಷ್ಟು ಉದ್ದದ ಅಲೆಗೆ ನಯವಾದ ಡಿಶ್ ಬೇಕಿಲ್ಲ, ಕಂಬಕ್ಕೆ ಕಟ್ಟಿದ ತಂತಿ ಸಾಕು. ಈ ಆವರ್ತನದಲ್ಲಿ ಆಕಾಶದ ಗದ್ದಲವೇ ಹತ್ತು ಸಾವಿರ ಕೆಲ್ವಿನ್ ಮೀರುವುದರಿಂದ ಆಂಪ್ಲಿಫೈಯರ್ ತಾನು ಸೇರಿಸುವ ಗದ್ದಲ ಲೆಕ್ಕಕ್ಕೇ ಬರುವುದಿಲ್ಲ. ಅಗ್ಗದ ಆಂಟೆನಾ ಹಾಕಿ, ಇರುವ ಹಣವನ್ನೂ ಬುದ್ಧಿಯನ್ನೂ ಸಂಕೇತಗಳನ್ನು ಜೋಡಿಸುವ ಯಂತ್ರಕ್ಕೆ ಸುರಿಯಲು ಅವಕಾಶವಾದದ್ದು ಹೀಗೆ.

ಎನ್. ಉದಯಶಂಕರ್ ಮತ್ತು ಸಂಗಡಿಗರು ಕಟ್ಟಿದ 128 ಚಾನೆಲ್‌ಗಳ ಡಿಜಿಟಲ್ ಕೋರಿಲೇಟರ್ ಇದರ ಮೊದಲ ದೊಡ್ಡ ಫಲ. ಅದರ ನೆರವಿನಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಉದಯಶಂಕರ್ ತಯಾರಿಸಿ 1990ರಲ್ಲಿ ಪ್ರಕಟಿಸಿದ ನಕ್ಷೆ, ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿ ಕ್ರಾಂತಿಯವರೆಗಿನ ಆಕಾಶವನ್ನು ಒಳಗೊಂಡಿತು. ಡೈಪೋಲ್‌ಗಳು ಹಳೆಯವೇ, ಹೊಸದಾಗಿದ್ದದ್ದು ಅವು ತಂದ ಸಂಕೇತವನ್ನು ಬಳಸಿಕೊಂಡ ರೀತಿ.

1997ರಲ್ಲಿ ಆರಂಭವಾದ ಸೌರ ರೇಡಿಯೋಹೀಲಿಯೋಗ್ರಾಫ್‌ನಲ್ಲಿ ಈ ಲೆಕ್ಕಾಚಾರ ಇನ್ನೂ ಸ್ಪಷ್ಟ. 40ರಿಂದ 150 ಮೆಗಾಹರ್ಟ್ಸ್‌ವರೆಗೆ ಕೇಳಬಲ್ಲ 192 ಆಂಟೆನಾಗಳನ್ನು 32 ಗುಂಪು ಮಾಡಲಾಯಿತು. 32 ಗುಂಪುಗಳಿಂದ 496 ಜೋಡಿಗಳು. ಪ್ರತಿ ಜೋಡಿಗೂ ಎರಡು ಗುಣಾಕಾರ, ಅಂದರೆ 992. ಕೋರಿಲೇಟರ್‌ಗೆ 1024 ಚಾನೆಲ್ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಸಂಕೇತವನ್ನು ಒಂದೇ ಬಿಟ್‌ಗೆ ಇಳಿಸಿ, ಧನವೋ ಋಣವೋ ಎಂಬುದನ್ನಷ್ಟೇ ಉಳಿಸಿಕೊಂಡರೆ ಗುಣಾಕಾರ ಒಂದು ಪುಟ್ಟ ಲಾಜಿಕ್ ಗೇಟ್‌ನ ಕೆಲಸವಾಗುತ್ತದೆ. ಬದಲಿಗೆ ಸಂವೇದನೆ ಸುಮಾರು ಶೇ. 64ಕ್ಕೆ ಇಳಿಯುತ್ತದೆ. ಸೂರ್ಯನಂಥ ಪ್ರಬಲ ಮೂಲಕ್ಕೆ ಇದು ನಷ್ಟದ ವ್ಯಾಪಾರವಲ್ಲ ಎಂದೇ ನನ್ನ ಅಭಿಪ್ರಾಯ. ಮುಂದೆ ಆಂಟೆನಾಗಳ ಸಂಖ್ಯೆ 384ಕ್ಕೆ ಏರಿತು.

ದಿನನಿತ್ಯದ ನಿರ್ವಹಣೆಯ ತೊಡಕು ಬೇರೆಯದೇ. ಬಿಸಿಲಿಗೆ ಕೇಬಲ್ ಹಿಗ್ಗಿದರೆ ಫೇಸ್ ಜಾರುತ್ತದೆ. ಸಿಗ್ನಸ್ ಎ ತರಹದ, ಸ್ಥಾನ ನಿಖರವಾಗಿ ಗೊತ್ತಿರುವ ಮೂಲವನ್ನು ನೋಡಿ ತಿದ್ದಿಕೊಳ್ಳಬೇಕು. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್ಎಂ ಬಂತು. 88ರಿಂದ 108 ಮೆಗಾಹರ್ಟ್ಸ್ ಸೌರ ವೀಕ್ಷಣೆಯ ಪಟ್ಟಿಯ ನಟ್ಟನಡುವೆಯೇ ಬೀಳುತ್ತದೆ. ಹೈಟೆನ್ಷನ್ ತಂತಿಗಳೂ ಅಷ್ಟೇ: ಅವುಗಳ ಕಿಡಿಯ ಸದ್ದು ಹತ್ತಾರು ಮೆಗಾಹರ್ಟ್ಸ್‌ವರೆಗೆ ಹರಡುತ್ತದೆ.

ಗೌರಿಬಿದನೂರಿನ ಅನುಭವ ಹಿಂದೂ ಮಹಾಸಾಗರವನ್ನೂ ದಾಟಿತು. ಇದೇ ಎರಡು ಸಂಸ್ಥೆಗಳು ಮಾರಿಷಸ್ ವಿಶ್ವವಿದ್ಯಾಲಯದ ಜೊತೆ ಕಟ್ಟಿದ ರೇಡಿಯೋ ದೂರದರ್ಶಕ 1992ರಲ್ಲಿ ಕೆಲಸ ಆರಂಭಿಸಿತು.

ಎಲ್ಲವೂ ರಿಸೀವರ್ ಕೊಠಡಿಯಲ್ಲೇ ಇದೆ ಎಂಬ ಮೇಲಿನ ವಾದಕ್ಕೆ ಒಂದು ಅಪವಾದವಿದೆ. ಮೊದಲ ನಕ್ಷತ್ರಗಳ ಕುರುಹನ್ನು ಹುಡುಕುವ, ರಾಮನ್ ಸಂಸ್ಥೆಯ ‘ಸರಸ್’ ಪ್ರಯೋಗದ ಆರಂಭದ ವೀಕ್ಷಣೆಗಳು ನಡೆದದ್ದು ಗೌರಿಬಿದನೂರಿನಲ್ಲೇ. ಈ ಪ್ರಯೋಗಕ್ಕೆ ಎಷ್ಟು ಒಳ್ಳೆಯ ರಿಸೀವರ್ ಇದ್ದರೂ ಸಾಲದು, ಆಂಟೆನಾದ ಕೆಳಗಿನ ನೆಲದ ಪದರಗಳೇ ಅಳತೆಯನ್ನು ಕೆಡಿಸುತ್ತವೆ. ಹೀಗಾಗಿ 2020ರಲ್ಲಿ ‘ಸರಸ್ 3’ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಡಲಾಯಿತು. ಮೊದಲ ನಕ್ಷತ್ರಗಳ ಕುರುಹೆಂದು 2018ರಲ್ಲಿ ಎಡ್ಜಸ್ ತಂಡ ಸಾರಿದ್ದ ಸಂಕೇತವನ್ನು, 2022ರ ಫೆಬ್ರವರಿಯಲ್ಲಿ ಪ್ರಕಟವಾದ ಈ ನೀರಿನ ಮೇಲಿನ ಅಳತೆ ಶೇ. 95.3 ವಿಶ್ವಾಸದೊಂದಿಗೆ ತಳ್ಳಿಹಾಕಿತು.