ಮಧ್ಯರಾತ್ರಿಯ ಬಾಗಿಲಲ್ಲಿ ನಿಲ್ಲುವ ವೈದ್ಯರು



ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಏನು ಮಾಡುತ್ತೀರಿ? ಊರಲ್ಲಾಗಿದ್ದರೆ ಪಕ್ಕದ ಬೀದಿಯ ಡಾಕ್ಟರ ಬಾಗಿಲು ಬಡಿಯಬಹುದಿತ್ತು. ಈ ಮಹಾನಗರದಲ್ಲಿ ನಮಗೆ ಗತಿ ಆಸ್ಪತ್ರೆಯ ತುರ್ತು ವಿಭಾಗವೇ. ಅಲ್ಲಿ ಮೊದಲು ಕೈಹಿಡಿದು ನೋಡುವ ವೈದ್ಯರಿಗೆ ಅದೇ ಕೆಲಸದ ತರಬೇತಿ ಇರಬೇಕಲ್ಲವೇ? ಇಷ್ಟು ಸರಳವಾದ ಮಾತನ್ನು ಒಪ್ಪಲು ವೈದ್ಯಲೋಕಕ್ಕೆ ದಶಕಗಳೇ ಬೇಕಾದವು.

ಒಂದು ಕಾಲಕ್ಕೆ ಅಮೆರಿಕದಲ್ಲೂ ತುರ್ತು ಕೋಣೆ ಯಾರಿಗೂ ಬೇಡದ ಕೂಸು. ಹೊಸದಾಗಿ ಓದು ಮುಗಿಸಿದವರೋ, ಸರದಿಯಂತೆ ಬಂದ ಬೇರೆ ವಿಭಾಗದ ವೈದ್ಯರೋ ಅದನ್ನು ನಿಭಾಯಿಸುತ್ತಿದ್ದರು. 1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಡಾ. ಜೇಮ್ಸ್ ಮಿಲ್ಸ್ ಮತ್ತು ಅವರ ಗೆಳೆಯರು ಸ್ವಂತ ಪ್ರಾಕ್ಟೀಸ್ ಬಿಟ್ಟು, ಹಗಲಿರುಳೂ ತುರ್ತು ಕೋಣೆಯಲ್ಲೇ ನಿಂತರು. 1966ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ವರದಿಯೊಂದು ಜನರ ಕಣ್ಣು ತೆರೆಸಿತು: ಹಿಂದಿನ ಒಂದೇ ವರ್ಷದಲ್ಲಿ ಅಪಘಾತಗಳಿಂದ ಸತ್ತವರು 1,07,000 ಮಂದಿ!

1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ ಮೊದಲ ರೆಸಿಡೆನ್ಸಿ ತರಬೇತಿ ಆರಂಭಿಸಿತು. ಮೊದಲ ವಿದ್ಯಾರ್ಥಿ ಡಾ. ಬ್ರೂಸ್ ಜಾನಿಯಾಕ್. ಏನಿದರ ವಿಶೇಷ ಅಂತೀರಾ? ಹೃದಯಕ್ಕೊಬ್ಬರು, ಮೂಳೆಗೊಬ್ಬರು ತಜ್ಞರಿರುತ್ತಾರೆ. ಆದರೆ ರೋಗಿ ಬರುವುದು ಕಾಯಿಲೆಯ ಹೆಸರು ಹೊತ್ತುಕೊಂಡಲ್ಲ, ಬರೀ ನೋವು ಹೊತ್ತುಕೊಂಡು. ಅದು ಹೃದಯಾಘಾತವೋ, ಗ್ಯಾಸ್ಟ್ರಿಕ್ಕೋ? ಉಸಿರಾಟ ಸರಿಯಿದೆಯೇ, ರಕ್ತ ಸೋರುತ್ತಿದೆಯೇ? ಯಾವುದು ಮೊದಲು ಪ್ರಾಣ ತೆಗೆಯಬಲ್ಲದು ಎಂದು ನಿಮಿಷಗಳಲ್ಲಿ ನಿರ್ಧರಿಸಿ, ಅದನ್ನು ತಡೆಯುವುದೇ ಈ ವಿದ್ಯೆ.

ಹಿರಿಯ ವಿಭಾಗಗಳು ಸುಲಭಕ್ಕೆ ಮಣಿಯಲಿಲ್ಲ. 1977ರಲ್ಲಿ ಮಾನ್ಯತೆ ಕೋರಿದಾಗ ವಿರುದ್ಧ ಬಿದ್ದ ಮತ 100, ಪರವಾಗಿ ಐದೇ ಐದು. ಆದರೂ ಪಟ್ಟು ಬಿಡಲಿಲ್ಲ. 1979ರಲ್ಲಿ ತುರ್ತು ವೈದ್ಯಕೀಯ ಅಲ್ಲಿನ 23ನೇ ತಜ್ಞ ವಿಭಾಗವಾಯಿತು.

ನಮ್ಮ ದೇಶದಲ್ಲಿ? 108 ಆಂಬುಲೆನ್ಸ್ 2005ರಲ್ಲಿ ಹೈದರಾಬಾದಿನಿಂದ ಓಡತೊಡಗಿತು. 2008ರಲ್ಲಿ 'ಆರೋಗ್ಯ ಕವಚ'ವಾಗಿ ಕರ್ನಾಟಕಕ್ಕೂ ಬಂತು. ತುರ್ತು ವೈದ್ಯಕೀಯಕ್ಕೆ ಭಾರತೀಯ ವೈದ್ಯಕೀಯ ಮಂಡಳಿಯ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಅಂದರೆ ಗಾಡಿ ಮೊದಲು ಬಂತು, ಗಾಡಿ ತಲುಪುವ ಬಾಗಿಲಲ್ಲಿ ನಿಲ್ಲುವವರ ಪದವಿಗೆ ಮುದ್ರೆ ಆಮೇಲೆ ಬಿತ್ತು!

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ 24 ಗಂಟೆಯೂ ತುರ್ತು ವೈದ್ಯಕೀಯ ತಜ್ಞರಿರುತ್ತಾರೆ ಎಂದು ವಿಚಾರಿಸಿಡಿ. ಅದರ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಊರಿಂದ ಬಂದ ಅಪ್ಪ ಅಮ್ಮ ಓದುವಂತಿರಲಿ. ಕೆಳಗೆ ನಿಮ್ಮ ಮನೆ ವಿಳಾಸ ಇಲ್ಲಿನ ಭಾಷೆಯಲ್ಲಿರಲಿ, ಅವರು ಅದನ್ನು ಪಕ್ಕದ ಮನೆಯವರಿಗೆ ತೋರಿಸಿದರೂ ಸಾಕು.

ಆ ಚೀಟಿ ಎಂದೂ ಬಳಕೆಗೆ ಬಾರದಿರಲಿ. ಮತ್ತೆ ಗಾಳಿಯಲೆಗಳಲ್ಲಿ ಸಿಗೋಣ.