ಟ್ರಾಮು ಬರುವ ಮೊದಲು

ಹಳೆಯ ಸರ್ವರಿನಿಂದ ಹೊಸದಕ್ಕೆ ಡೇಟಾ ಸಾಗಿಸುವುದು ನನ್ನ ಹೊಟ್ಟೆಪಾಡು. ಒಮ್ಮೆ ಗಡುವಿನ ಅವಸರದಲ್ಲಿ, ಎರಡನ್ನೂ ಕೆಲಕಾಲ ಜೊತೆಯಾಗಿ ಓಡಿಸದೆ ಹಳೆಯದನ್ನು ನಿಲ್ಲಿಸಿಬಿಟ್ಟೆ. ಲೆಕ್ಕ ಹೊಂದಲಿಲ್ಲ. ತಾಳೆ ನೋಡೋಣವೆಂದರೆ ಹಳೆಯದೇ ಇರಲಿಲ್ಲ. ಆಮೇಲೊಮ್ಮೆ ಗೇಟ್‌ವೇಯಿಂದ ದೋಣಿ ಹತ್ತಿ ಅಲಿಬಾಗ್‌ಗೆ ಹೋದಾಗ, ಕಡಲ ಬಳಿಯ ಭೂಕಾಂತ ವೀಕ್ಷಣಾಲಯದ ಕಥೆ ತಿಳಿದು ನಾಚಿಕೆಯಾಯಿತು.

ಕಥೆ ಶುರುವಾಗುವುದು ಮುಂಬಯಿಯ ಕೊಲಾಬಾದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯತೊಡಗಿದರು. ಈ ಕ್ಷೇತ್ರ ನಿಂತಲ್ಲಿ ನಿಲ್ಲುವಂಥದ್ದಲ್ಲ. ಮುಂಬಯಿಯಲ್ಲಿ ಅದರ ಬಲ ನಲವತ್ತು ಸಾವಿರ ನ್ಯಾನೋಟೆಸ್ಲಾದ ಆಸುಪಾಸು. ಬಿಸಿಲೇರಿದಂತೆ ಮೇಲಿನ ವಾತಾವರಣದಲ್ಲಿ ಹರಿಯುವ ವಿದ್ಯುತ್ತು ಅದನ್ನು ಹತ್ತಾರು ನ್ಯಾನೋಟೆಸ್ಲಾ ಅಲುಗಿಸುತ್ತದೆ. ಸೂರ್ಯನಿಂದ ಬಿರುಗಾಳಿ ಎದ್ದರೆ ನೂರಾರು. ಇದಲ್ಲದೆ ದಶಕಗಳ ಉದ್ದಕ್ಕೂ ನಿಧಾನವಾಗಿ ಸರಿಯುವ ಬದಲಾವಣೆ ಬೇರೆ. ಅದನ್ನು ಹಿಡಿಯಬೇಕಾದರೆ ದಾಖಲೆ ತುಂಡಾಗಬಾರದು.

1859ರ ಸೆಪ್ಟೆಂಬರ್ 2ರಂದು ಕೊಲಾಬಾದ ನೌಕರರು ಕಣ್ಣಲ್ಲೇ ನೋಡಿ ಅಂಕಿ ಬರೆಯುತ್ತಿದ್ದಾಗ ಕ್ಷೇತ್ರದ ಅಡ್ಡಬಲ ಸುಮಾರು 1600 ನ್ಯಾನೋಟೆಸ್ಲಾ ಕುಸಿಯಿತು. ಕ್ಯಾರಿಂಗ್ಟನ್ ಬಿರುಗಾಳಿ ಎಂದು ಪ್ರಸಿದ್ಧವಾದ ಆ ಸೌರಕೋಪ ಎಷ್ಟು ದೊಡ್ಡದಿತ್ತೆಂದು ಈ ಶತಮಾನದ ವಿಜ್ಞಾನಿಗಳು ಅಂದಾಜು ಕಟ್ಟಿದ್ದು ಆ ಅಂಕಿಗಳನ್ನೇ ಆಧರಿಸಿ.

ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮುಂಬಯಿಯ ಕುದುರೆ ಟ್ರಾಮುಗಳನ್ನು ವಿದ್ಯುತ್ತಿಗೆ ಬದಲಿಸುವ ಯೋಜನೆ ಬಂತು. ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ; ಭೂಮಿಯ ಪಿಸುಮಾತು ಆ ಗದ್ದಲದಲ್ಲಿ ಕೇಳಿಸದು. ಆಗ ಕೊಲಾಬಾದ ನಿರ್ದೇಶಕರು ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಹುದ್ದೆಗೇರಿದ ಮೊದಲ ಭಾರತೀಯ. ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಎದ್ದಿತು. ಉಪಕರಣದ ಕೋಣೆಗಳಿಗೆ ಕಾಂತಗುಣವಿಲ್ಲದ ಪೋರಬಂದರಿನ ಕಲ್ಲು ತಂದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಹೆಜ್ಜೆ. 1904ರಲ್ಲಿ ಅಲಿಬಾಗ್ ಶುರುವಾದರೂ ಮೂಸ್ ಕೊಲಾಬಾವನ್ನು ಮುಚ್ಚಲಿಲ್ಲ. 1906ರವರೆಗೆ, ಎರಡು ವರ್ಷ, ಎರಡೂ ಕಡೆ ಅಳತೆ ನಡೆಯಿತು. ಎರಡು ಜಾಗಗಳ ವ್ಯತ್ಯಾಸ ಎಷ್ಟೆಂದು ಗೊತ್ತಾದದ್ದರಿಂದ 1841ರಿಂದ ಬಂದ ಸರಣಿಗೆ ಅಲಿಬಾಗ್‌ನ ಅಂಕಿಗಳನ್ನು ಜೋಡಿಸಬಹುದಾಯಿತು. 1907ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮು ಓಡಿತು. 1910ರಲ್ಲಿ ಮೂಸ್ ಕೊಲಾಬಾದ ದಶಕಗಳ ದತ್ತಾಂಶವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಈಗ ಅಲಿಬಾಗ್ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೈಯಲ್ಲಿದೆ. ಅಳತೆ ನಡೆದೇ ಇದೆ.

ನನ್ನ ಯೋಜನೆಗಳಲ್ಲಿ ಈಗ ಹಳೆಯದೂ ಹೊಸದೂ ಜೊತೆಗೆ ಓಡುವ ದಿನಗಳನ್ನು ಮೊದಲೇ ಬರೆದಿಡುತ್ತೇನೆ. 'ಎರಡೆರಡು ಖರ್ಚು ಯಾಕ್ರೀ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಚಹಾ ತರಿಸಿ, ಟ್ರಾಮಿನಿಂದ ಕಥೆ ಶುರುಮಾಡುತ್ತೇನೆ.